ದುರ್ಯೋಧನನ ಕವಚಕ್ಕೆ ಚಮಕಿ ಹೊಲಿದವರು ಯಾರು?

ಕುರುಕ್ಷೇತ್ರ ನಾಟಕದ ಕರಪತ್ರವೊಂದು ಕೈಗೆ ಸಿಕ್ಕರೆ ಪೂರ್ತಿ ಓದಿ ನೋಡಿ. ದೊಡ್ಡಬಳ್ಳಾಪುರ, ನೆಲಮಂಗಲ, ದೇವನಹಳ್ಳಿ, ಹೊಸಕೋಟೆ ಕಡೆ ಊರಹಬ್ಬದ ಕಾಲದಲ್ಲಿ ಇವಕ್ಕೇನೂ ಬರವಿಲ್ಲ. ದುರ್ಯೋಧನ ಯಾರು, ಶಕುನಿ ಯಾರು, ಹಾರ್ಮೋನಿಯಂ ಮಾಸ್ತರು ಯಾರು, ಸೀನರಿ ಯಾರದು, ಕೊನೆಗೆ ಮೈಕ್ ಸೆಟ್ ಯಾರದು ಎನ್ನುವುದೂ ಇರುತ್ತದೆ. ದುರ್ಯೋಧನನ ಎದೆಯ ಮೇಲೆ ರಾತ್ರಿಯೆಲ್ಲ ಮಿಂಚುವ ಕವಚಕ್ಕೆ ಚಮಕಿ ಹೊಲಿದವಳ ಹೆಸರು ಮಾತ್ರ ಇರುವುದಿಲ್ಲ.

ವೇಷಭೂಷಣವನ್ನು ಬಾಡಿಗೆಗೆ ತರುವುದೇ ರೂಢಿ. ಬಾಡಿಗೆಯ ಕವಚ ಒಬ್ಬ ಭೀಮನ ಬೆವರು ಆರುವ ಮೊದಲೇ ಇನ್ನೊಬ್ಬ ಭೀಮನ ಮೈಯೇರುತ್ತದೆ. ಹೊಟ್ಟೆಯಿದ್ದವನಿಗೆ ಬಿಗಿ, ಸಣಕಲನಿಗೆ ಜೋಲು. ನಮ್ಮ ಬೀದಿಯ ತಂಡದವರು ಬೇರೆ ದಾರಿ ಹಿಡಿದರು. ದರ್ಜಿಯಿಂದ ಅರ್ಧ ಮುಗಿದ ಕವಚವನ್ನು ಕೊಳ್ಳುತ್ತಾರೆ. ಮಖಮಲ್ ಬಟ್ಟೆಗೆ ಒಳಗಡೆ ಬಕ್ರಮ್ ಕೊಟ್ಟು, ಎದೆಯ ಆಕಾರಕ್ಕೆ ಕತ್ತರಿಸಿ, ಅಂಚು ಮಡಿಚಿ ಹೊಲಿದಿರುತ್ತದೆ, ಅಷ್ಟೇ. ರಟ್ಟಿನ ಭುಜಕೀರ್ತಿಯೂ ಬೋಳು. ಚಿಕ್ಕಪೇಟೆ, ಮಾಮೂಲ್‌ಪೇಟೆ ಸುತ್ತಿ ಚಮಕಿ, ಮಣಿ, ಜರಿಪಟ್ಟಿ ತಂದರೆ ಉಳಿದದ್ದು ಮನೆಯ ಕೆಲಸ.

ಇದಕ್ಕೆ ನನ್ನ ತಕರಾರಿಲ್ಲ. ಸಂತೋಷವೇ. ಕವಚ ಮೈಗೆ ಸರಿಯಾಗಿ ಕೂರುತ್ತದೆ, ಬೇಕಾದ ಬಳ್ಳಿ ಬಿಡಿಸಿಕೊಳ್ಳಬಹುದು, ಕಿತ್ತು ಬಂದರೆ ತೇಪೆ ಹಾಕಿ ಮುಂದಿನ ವರ್ಷಕ್ಕೂ ಇಡಬಹುದು. 1884ರಲ್ಲಿ ಹುಟ್ಟಿದ ಗುಬ್ಬಿ ಕಂಪನಿ ಕುರುಕ್ಷೇತ್ರಕ್ಕೆ ಆನೆ ಕುದುರೆಗಳನ್ನೇ ರಂಗಕ್ಕೆ ತಂದಿತ್ತು. ನಮ್ಮವರಿಗೆ ಆನೆ ಎಲ್ಲಿಂದ ಬರಬೇಕು? ಕವಚವಾದರೂ ಮಿಂಚಲಿ.

ಆದರೆ "ಉಳಿದದ್ದು ಮನೇಲೇ ಮಾಡ್ಕೊತೀವಿ" ಎನ್ನುತ್ತಾರಲ್ಲ, ಆ "ನಾವು" ಯಾರು? ಪಾತ್ರ ಕಟ್ಟಿದವನು ಸಂಜೆಯಾದರೆ ಪ್ರಾಕ್ಟೀಸಿಗೆ ಹೋಗುತ್ತಾನೆ. ಹಗಲೆಲ್ಲ ಮಗ್ಗದ ಮನೆಯಲ್ಲಿ ಲಾಳಿಗೆ ನೂಲು ಸುತ್ತಿ ಬಂದ ಹೆಂಡತಿ, ಪಾತ್ರೆ ತೊಳೆದಿಟ್ಟು, ಟ್ಯೂಬ್‌ಲೈಟಿನ ಕೆಳಗೆ ಕವಚ ಹಿಡಿದು ಕೂರುತ್ತಾಳೆ. ಬಕ್ರಮ್ಮಿಗೆ ಸೂಜಿ ಸುಲಭವಾಗಿ ಇಳಿಯುವುದಿಲ್ಲ. ಬೆರಳ ತುದಿ ತೂತಾಗುತ್ತದೆ. ದಾರಕ್ಕೆ ಮೇಣ ಎಳೆಯಬೇಕು. ಚಮಕಿಯೊಳಗಿಂದ ಸೂಜಿ ತೆಗೆದು, ಅದರ ಮೇಲೊಂದು ಸಣ್ಣ ಮಣಿ ಪೋಣಿಸಿ, ಅದೇ ಚಮಕಿಯ ತೂತಿಗೆ ಮತ್ತೆ ಇಳಿಸಬೇಕು. ನಾಲ್ಕೈದು ಮಣಿಗೊಮ್ಮೆ ಗಂಟು ಹಾಕದಿದ್ದರೆ, ಗದಾಯುದ್ಧದಲ್ಲಿ ಒಂದು ಎಳೆ ಹರಿದು ಸಾಲಿಗೆ ಸಾಲೇ ಉದುರುತ್ತದೆ. ಉದುರಿದರೆ ಬೈಗುಳ ಯಾರಿಗೆಂದು ನಾನು ಹೇಳಬೇಕಾಗಿಲ್ಲ.

ಇದೇ ಹೆಂಗಸು ಇದೇ ಸೂಜಿ ಹಿಡಿದು ಮದುವೆಯ ರವಿಕೆಗೆ ಮಣಿ ಕೆಲಸ ಮಾಡಿಕೊಟ್ಟರೆ ದುಡ್ಡು. ದುರ್ಯೋಧನನ ಎದೆಗೆ ಮಾಡಿದರೆ ಪುಕ್ಕಟೆ. ಕೇಳಿದ್ದಕ್ಕೆ ತಂಡದವರೊಬ್ಬರು, "ಅಯ್ಯೋ ಅಕ್ಕಾ, ಇದು ಕಲಾಸೇವೆ. ಸೇವೆಗೂ ಕೂಲಿ ಕೇಳ್ತಾರಾ?" ಎಂದು ನಕ್ಕರು. ಹಾರ್ಮೋನಿಯಂ ಮಾಸ್ತರಿಗೆ ಸಂಭಾವನೆ ಉಂಟು, ಸೀನರಿಯವರಿಗೆ ಮುಂಗಡ ಉಂಟು, ದ್ರೌಪದಿಯ ಪಾತ್ರಕ್ಕೆ ಬರುವ ಕಲಾವಿದೆಗೆ ಸಂಭಾವನೆ ಉಂಟು. ಇರಲೇಬೇಕು, ಅದು ಅವರ ಹೊಟ್ಟೆಪಾಡು. ಕೃಷ್ಣನಾಗಲು, ದುರ್ಯೋಧನನಾಗಲು ಸಾವಿರಗಟ್ಟಲೆ ದುಡ್ಡನ್ನು ಕೈಯಿಂದ ಕಟ್ಟುವವರೂ ಇದ್ದಾರೆ. ಇಷ್ಟೆಲ್ಲದರ ನಡುವೆ ಸೇವೆ ಅನ್ನುವುದು ಹೆಂಗಸರ ಸೂಜಿಗೆ ಮಾತ್ರ ಹೇಗೆ ಅಂಟಿಕೊಂಡಿತು?

"ಗಂಡಸರ ಕೈಗೆ ಸೂಜಿ ಒಗ್ಗಲ್ಲ" ಎಂಬುದು ಇನ್ನೊಂದು ಮಾತು. ಆ ಕವಚವನ್ನು ಕತ್ತರಿಸಿ ಕೊಟ್ಟ ದರ್ಜಿ ಯಾರು ಸ್ವಾಮಿ? ಗಂಡಸೇ. ಪೇಟೆಯ ದರ್ಜಿ ಅಂಗಡಿಗಳಲ್ಲಿ ಕೂತವರಲ್ಲಿ ಗಂಡಸರೇನು ಕಡಿಮೆಯೇ? ಮಜೂರಿ ಇರುವವರೆಗೆ ಸೂಜಿ ಗಂಡಸಿನದು. ಮಜೂರಿ ತಪ್ಪಿತೋ, ಅದು ಹೆಂಗಸಿನ ಕೈಗುಣವಾಗುತ್ತದೆ.

ವಿರಾಟಪರ್ವದಲ್ಲಿ ಬೃಹನ್ನಳೆಯ ವೇಷದ ಅರ್ಜುನ ಕವಚವನ್ನು ತಲೆಕೆಳಗಾಗಿ ತೊಡಲು ಹೋಗುತ್ತಾನೆ. ಅಂತಃಪುರದ ಹೆಣ್ಣುಮಕ್ಕಳು ಗೊಳ್ಳೆಂದು ನಗುತ್ತಾರೆ. ಅವನಿಗೆ ಗೊತ್ತಿರಲಿಲ್ಲವೆ? ಚೆನ್ನಾಗಿ ಗೊತ್ತಿತ್ತು, ಬಾರದವನಂತೆ ನಟಿಸಿದ. ಅವನಿಗೆ ಅಜ್ಞಾತವಾಸದ ಕಾರಣವಾದರೂ ಇತ್ತು. ನಮ್ಮ ಮನೆಯ ಪಾರ್ಥರಿಗೆ ಏನಿದೆ?

ಆದ್ದರಿಂದ, ಅಕ್ಕತಂಗಿಯರೇ, ಅರ್ಧ ಮುಗಿದ ಕವಚ ಮನೆಗೆ ಬಂದರೆ ಬೇಡವೆನ್ನಬೇಡಿ. ಮೊದಲು ಲೆಕ್ಕ ಕೇಳಿ. ಮಣಿ, ದಾರದ ಖರ್ಚಿನ ಕೆಳಗೆ ಹೊಲಿಗೆಯ ಮಜೂರಿ ಎಂದು ತಂಡದ ಪುಸ್ತಕದಲ್ಲಿ ಒಂದು ಸಾಲು ಬರೆಯಲಿ, ರವಿಕೆಗೆ ಯಾವ ದರವೋ ಅದೇ ದರ. ಕರಪತ್ರ ಅಚ್ಚಿಗೆ ಹೋಗುವ ಮೊದಲೇ ಹೆಸರು ಬರೆದುಕೊಡಿ. ಬಳ್ಳಿಯ ಸೂಕ್ಷ್ಮ ಕೆಲಸ ನೀವು ಮಾಡಿ. ಅಂಚಿನ ಜರಿಪಟ್ಟಿ, ಬೆನ್ನ ಹಿಂದಿನ ಲಾಡಿ, ಭುಜದ ಕೊಕ್ಕೆ ಇವೆಲ್ಲ ನೇರ ಹೊಲಿಗೆ. ಸೂಜಿಯನ್ನೇ ಹಿಡಿಯದವನೂ ಒಂದು ಸಂಜೆಯಲ್ಲಿ ಕಲಿಯುತ್ತಾನೆ. ಹೇಗೂ ಲಾಡಿಯ ಅಳತೆಗೆ ಒಳ ಅಂಗಿ ತೊಟ್ಟು ಅವನೇ ಬಂದು ನಿಲ್ಲಬೇಕು. ಸೂಜಿ-ದಾರವನ್ನು ಅಲ್ಲೇ ಕಿಟಕಿಯ ಮೇಲೆ ಇಟ್ಟಿರಿ.