ಗೃಹವಿಚಾರ: ಎಣ್ಣೆ ಹೀರಿದ ರಕ್ಷಾವಸ್ತ್ರಗಳು

ಸಾಮಾನ್ಯ ವಸ್ತ್ರಗಳನ್ನು ನಾವು ಒಗೆಯುವುದು ಅಂದಕ್ಕಾಗಿ, ಆರೋಗ್ಯಕ್ಕಾಗಿ. ಮೋಟಾರು ಪಂದ್ಯದ ಚಾಲಕನ ಉಡುಪನ್ನಾದರೋ ಅವನ ಪ್ರಾಣಕ್ಕಾಗಿ ಒಗೆಯಬೇಕು. ಎಣ್ಣೆಯ ಕೊಳವೆಯೊಂದು ಬಿರಿದರೆ ಉಡುಪೂ ಆಸನದ ಪಟ್ಟಿಗಳೂ ತೊಯ್ದುಹೋಗುತ್ತವೆ. ಅವು ಅನೇಕವೇಳೆ ಒಗೆತಕ್ಕೆ ಮನೆಗೇ ಬರುವುದರಿಂದ ಮನೆಯವರು ಅವುಗಳ ಗುಣವನ್ನು ಅರಿತಿರುವುದು ಅವಶ್ಯ.

ಇಂಥ ಉಡುಪುಗಳಲ್ಲಿ ಅನೇಕವು ನೋಮೆಕ್ಸ್ ಎಂಬ ನೂಲಿನವು. ಅಮೆರಿಕೆಯ ಡುಪಾಂಟ್ ಸಂಸ್ಥೆಯವರು 1960ರ ದಶಕದಲ್ಲಿ ಹೊರತಂದ ಈ ನೂಲು ಬೆಂಕಿಗೆ ಕರಗಿ ಮೈಗೆ ಅಂಟುವುದಿಲ್ಲ. ಕರಿಕಾಗಿ ದಪ್ಪಗೆ ಉಬ್ಬಿ ಶಾಖವನ್ನು ತಡೆಯುತ್ತದೆ. 2020ನೆಯ ನವೆಂಬರ್ 29ರಂದು ಬಹರೇನಿನ ಪಂದ್ಯದಲ್ಲಿ ರೊಮೇನ್ ಗ್ರೋಜಾನರ ಕಾರು ಕಬ್ಬಿಣದ ತಡೆಬೇಲಿಯನ್ನು ಸೀಳಿ ಹೊತ್ತಿಕೊಂಡಿತು. ಸುಮಾರು 28 ಸೆಕೆಂಡು ಉರಿಯ ನಡುವೆ ಇದ್ದ ಅವರು ಕೈಗಳ ಸುಟ್ಟಗಾಯದೊಡನೆ ಬದುಕಿ ಬಂದರು. ಅಂದು ಅವರನ್ನು ಕಾಯ್ದವುಗಳಲ್ಲಿ ಉಡುಪೂ ಒಂದು. ಆದರೆ ನೂಲು ಉರಿಯದಿದ್ದರೂ ಅದು ಹೀರಿದ ಎಣ್ಣೆ ಉರಿಯದೆ ಇರದು. ಎಣ್ಣೆ ಕುಡಿದ ಕವಚವು ದೀಪದ ಬತ್ತಿಗೆ ಸಮಾನ.

ಮೊದಲು ಹಳೆಯ ಹತ್ತಿಬಟ್ಟೆಯನ್ನು ಒತ್ತಿ ಎಣ್ಣೆಯನ್ನು ಹೀರಿಸತಕ್ಕದ್ದು; ಉಜ್ಜಕೂಡದು. ಕಲೆ ತೆಗೆಯಲೆಂದು ಪೆಟ್ರೋಲನ್ನಾಗಲಿ ಸೀಮೇಎಣ್ಣೆಯನ್ನಾಗಲಿ ಸೋಕಿಸಲೇಬಾರದು. ಇಂಧನವೇ ಚೆಲ್ಲಿದ್ದರೆ ಒಲೆ, ದೀಪಗಳಿಂದ ದೂರವಾಗಿ ಬಯಲಿನಲ್ಲಿ ಗಾಳಿಗೆ ಹರವಿ, ವಾಸನೆ ಹೋದ ಬಳಿಕವೇ ನೀರಿಗೆ ಹಾಕಬೇಕು. ಅನಂತರ ಉಡುಪನ್ನು ಒಳಮಗ್ಗುಲಾಗಿ ತಿರುವಿ, ಬೇರೆ ಬಟ್ಟೆಗಳೊಡನೆ ಬೆರೆಸದೆ, ಉಗುರುಬೆಚ್ಚಗಿನ ನೀರಿನಲ್ಲಿ ಸೌಮ್ಯವಾದ ಡಿಟರ್ಜೆಂಟಿನಿಂದ ಒಗೆಯಬೇಕು. ಗಡಸುನೀರಿನಲ್ಲಿ ಸಾಬೂನು ಬಿಡುವ ಜಿಡ್ಡೂ ಉರಿಯತಕ್ಕದ್ದೇ ಆದುದರಿಂದ ಅಲ್ಲಿ ಸಾಬೂನು ತರವಲ್ಲ. ಬ್ಲೀಚಿಂಗ್ ಪುಡಿಯೂ, ಬಟ್ಟೆಯನ್ನು ಮೆದುಗೊಳಿಸುವ ದ್ರಾವಣವೂ, ಗಂಜಿಯೂ ವರ್ಜ್ಯ. ಎರಡು ಮೂರು ಸಲ ಚೆನ್ನಾಗಿ ಜಾಲಿಸಿ ನೆರಳಿನಲ್ಲಿ ಒಣಗಿಸಬೇಕು. ಬಿಸಿಲು ಈ ನೂಲಿನ ಬಲವನ್ನು ಕುಂದಿಸುತ್ತದೆ. ಒಣಗಿದ ಮೇಲೂ ಎಣ್ಣೆಯ ವಾಸನೆ ಉಳಿದಿದ್ದರೆ ಮತ್ತೊಮ್ಮೆ ಒಗೆಯತಕ್ಕದ್ದು.

ಚಾಲಕನನ್ನು ಆಸನಕ್ಕೆ ಬಿಗಿಯುವ ಪಟ್ಟಿಗಳ ವಿಚಾರದಲ್ಲಿ ಇನ್ನೂ ಹೆಚ್ಚಿನ ಎಚ್ಚರಿಕೆ ಬೇಕು. ಅವು ಪಾಲಿಯೆಸ್ಟರ್ ಇಲ್ಲವೆ ನೈಲಾನಿನ ನೇಯ್ಗೆಯವು. ಎಣ್ಣೆಗೆ ಅಂಟಿದ ಮರಳಿನ ಕಣಗಳು ಎಳೆಗಳನ್ನು ಸವೆಸುತ್ತವೆ. ಜಿಡ್ಡಾದ ಪಟ್ಟಿ ಕೊಂಡಿಯಲ್ಲಿ ಜಾರಲೂಬಹುದು. ಸೌಮ್ಯ ಡಿಟರ್ಜೆಂಟಿನ ನೀರಿನಲ್ಲಿ ಅದ್ದಿದ ಮೆತ್ತನೆಯ ಬಟ್ಟೆಯಿಂದ ಒರಸಿ, ತಿಳಿನೀರಿನಿಂದ ಮತ್ತೆ ಒರಸಿ ನೆರಳಿನಲ್ಲಿ ತೂಗುಹಾಕಿದರೆ ಸಾಕು. ತೀಕ್ಷ್ಣವಾದ ದ್ರಾವಕಗಳು ಬೇಡ. ಎಳೆ ಎದ್ದ, ಗಡುಸಾದ, ಬ್ಯಾಟರಿಯ ಆಮ್ಲ ತಗಲಿದ ಪಟ್ಟಿಯನ್ನು ತೊಳೆದು ಫಲವಿಲ್ಲ, ತೆಗೆದುಹಾಕಬೇಕು. ಅಮೆರಿಕೆಯ ಎಸ್.ಎಫ್.ಐ. ನಿಯಮವಂತೂ ಇಂಥ ಪಟ್ಟಿಗಳ ನೇಯ್ಗೆಯನ್ನು ಎರಡು ವರ್ಷಗಳಿಗೊಮ್ಮೆ ಹೊಸದಾಗಿಸಬೇಕೆಂದು ವಿಧಿಸುತ್ತದೆ.

ಹಳೆಯ ಸೀರೆಯನ್ನು ಒಗೆದು ಇನ್ನೊಂದು ವರ್ಷ ಉಡುವುದು ಮಿತವ್ಯಯ. ಸಂದೇಹಕ್ಕೆ ಎಡೆಯಾದ ಪಟ್ಟಿಯನ್ನು ಒಗೆದು ಇನ್ನೊಂದು ಪಂದ್ಯಕ್ಕೆ ಕಟ್ಟುವುದು ಮಿತವ್ಯಯವಲ್ಲ. ಅಲ್ಲಿ ಉಳಿಯುವುದು ಹಣ, ಒಡ್ಡುವುದು ಮನೆಯ ಮಗನ ಪ್ರಾಣ.