ತೂಬು ಯಾರ ಕೈಯಲ್ಲಿ?

ಜ್ಞಾನವನ್ನು ಎಲ್ಲರಿಗೂ ಬಿಟ್ಟಿದ್ದೇವೆ ಎಂದು ಈಗ ಡಂಗುರ ಹೊಡೆಯುತ್ತಿದ್ದಾರೆ. ಮುಕ್ತ ಶೈಕ್ಷಣಿಕ ಸಂಪನ್ಮೂಲವಂತೆ. ಪಾಠ, ಚಿತ್ರ, ವಿಡಿಯೋ ಎಲ್ಲವೂ ಆನ್‌ಲೈನಿನಲ್ಲಿ ಪುಕ್ಕಟೆಯಂತೆ. ನಾವು ಮುನಿರಾಬಾದಿನವರು. ಬಿಡುವುದೆಂದರೇನು ಎಂಬುದನ್ನು ತುಂಗಭದ್ರೆಯ ದಂಡೆಯಲ್ಲೇ ಕಲಿತವರು. 1953ರಿಂದ ಇಲ್ಲಿ ನೀರು ನಿಂತಿದೆ. ಗಂಗಾವತಿಯ ಭತ್ತದ ಗದ್ದೆ ಕುಡಿದು ತೇಗಿದ ಮೇಲೆ, ಎಡದಂಡೆ ಕಾಲುವೆಯ ಕೊನೆಗಿರುವ ರಾಯಚೂರು ಕಡೆಯ ರೈತ 'ನೀರು ಯಾವಾಗ ಬರ್ತಾವ್ರೀ?' ಎಂದು ಇವತ್ತಿಗೂ ಕೇಳುತ್ತಿದ್ದಾನೆ. ಕಾಗದದ ಮೇಲೆ ಅವನ ಹೊಲವೂ ನೀರಾವರಿಯೇ!

ಅಕ್ಷರವೂ ಹೀಗೇ ಹರಿಯಬೇಕೆ?

ಈ ಹೆಸರು ಹುಟ್ಟಿದ್ದು 2002ರಲ್ಲಿ, ಯುನೆಸ್ಕೋ ಸಭೆಯಲ್ಲಿ. ಇಟ್ಟುಕೊಳ್ಳುವ, ಬಳಸುವ, ತಿದ್ದುವ, ಬೆರೆಸುವ, ಹಂಚುವ ಐದೂ ಹಕ್ಕುಗಳಿದ್ದರೆ ಮಾತ್ರ ಪಾಠ ಮುಕ್ತ. ಓದಲು ಬಿಟ್ಟು ತಿದ್ದಲು ಬಿಡದಿದ್ದರೆ ಅದು ಗುಡಿಯ ಹೊರಗೆ ನಿಂತು ಕೈಮುಗಿಯುವ ಹಕ್ಕು. ಅದು ನಮಗೆ ಮೊದಲೇ ಇತ್ತು!

ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲ ಎಂಬ ವಿಕಿ ತಾಣ, ಸರ್ಕಾರಿ ಶಾಲೆಯ ಮೇಷ್ಟ್ರುಗಳೇ ಪಾಠ ಬರೆಯಬಲ್ಲರು ಎಂದು ತೋರಿಸಿತು. ಒಪ್ಪುತ್ತೇವೆ. 2017ರಲ್ಲಿ ಕೇಂದ್ರದ 'ದೀಕ್ಷಾ' ಬಂತು. ಪಠ್ಯಪುಸ್ತಕದೊಳಗೆ ಕ್ಯೂಆರ್ ಕೋಡ್ ಅಚ್ಚಾಯಿತು. ಹೆಸರು ನೋಡಿ, ದೀಕ್ಷೆ! ಕೊಡುವವರು ಯಾರು? ಕೈಕಟ್ಟಿ ತೆಗೆದುಕೊಳ್ಳುವವರು ಯಾರು? ಏಕಲವ್ಯನ ಹೆಬ್ಬೆರಳು ಕೇಳುತ್ತಿದೆ.

2014ರ ಆಗಸ್ಟಿನಲ್ಲಿ ಗಂಗಾವತಿ ತಾಲ್ಲೂಕಿನ ಮರಕುಂಬಿಯಲ್ಲಿ ದಲಿತರ ಗುಡಿಸಲು ಸುಟ್ಟರು. 2024ರ ಅಕ್ಟೋಬರಿನಲ್ಲಿ ಕೊಪ್ಪಳದ ನ್ಯಾಯಾಲಯ 98 ಜನರಿಗೆ ಜೀವಾವಧಿ ಶಿಕ್ಷೆ ವಿಧಿಸಿತು. 2021ರಲ್ಲಿ ಕುಷ್ಟಗಿ ತಾಲ್ಲೂಕಿನ ಮಿಯಾಪುರದಲ್ಲಿ ಎರಡು ವರ್ಷದ ದಲಿತ ಕೂಸು ಗುಡಿಯೊಳಗೆ ಕಾಲಿಟ್ಟಿದ್ದಕ್ಕೆ ದಂಡ ಹೇರಿದರು. ಇದು ನಮ್ಮ ಜಿಲ್ಲೆಯ ಸಮಾಜ ವಿಜ್ಞಾನ. ಇದನ್ನು ಪಾಠ ಮಾಡಿ ತಾಣಕ್ಕೆ ಏರಿಸುವವರು ಯಾರು? ಅಸ್ಪೃಶ್ಯತೆ ಹಿಂದೆ ಇತ್ತು ಎಂದು ಬರೆದು ಮುಗಿಸುವ ಪಾಠಕ್ಕೆ ಕ್ಯೂಆರ್ ಕೋಡ್ ಅಂಟಿಸಿದರೆ ಸುಳ್ಳು ಇನ್ನೂ ಬೇಗ ಓಡುತ್ತದೆ, ಅಷ್ಟೇ. 1973ರಲ್ಲಿ ಬಸವಲಿಂಗಪ್ಪನವರು ಬೂಸಾ ಎಂದದ್ದಕ್ಕೆ ಮಂತ್ರಿಗಿರಿಯನ್ನೇ ಕಿತ್ತುಕೊಂಡರು. ಅದೇ ಬೂಸಾವನ್ನು ಇಂಟರ್‌ನೆಟ್ಟಿಗೆ ಏರಿಸಿದರೆ ಬೆಣ್ಣೆಯಾಗುತ್ತದೆಯೆ?

'ಯಾರು ಬೇಕಾದರೂ ಬರೆದರೆ ಗುಣಮಟ್ಟ ಕೆಡುತ್ತದೆ' ಎನ್ನುತ್ತಾರೆ ಪಂಡಿತರು. ಗುಣಮಟ್ಟವೆಂಬುದು ಇವರ ಹೊಸ ಮಡಿ. ನಮ್ಮ ಬರಹದಲ್ಲಿ ತಪ್ಪಿದ್ದರೆ ಆಧಾರ ಕೊಟ್ಟು ತಿದ್ದಿ, ಎಲ್ಲರ ಎದುರಿಗೇ ತಿದ್ದಿ. ಬಾಗಿಲು ಹಾಕಿಕೊಂಡು ತಿದ್ದಬೇಡಿ.

ತಾಣ ಕಟ್ಟುವವರೇ, ಕೇಳಿ. ಪುಟದ ಫೋಟೋ ತೆಗೆದು ಹಾಕಬೇಡಿ, ಯೂನಿಕೋಡ್ ಅಕ್ಷರದಲ್ಲಿ ಹಾಕಿ. ಆಗ ಹುಡುಕಬಹುದು, ತಿದ್ದಬಹುದು, ಕಣ್ಣಿಲ್ಲದ ಮಗು ಕಿವಿಯಿಂದ ಓದಬಹುದು. ನೆಟ್ ಇಲ್ಲದ ಊರಿಗೆ ಪೆನ್‌ಡ್ರೈವಿನಲ್ಲಿ ಒಯ್ಯುವಂತಿರಲಿ. ತಿರಸ್ಕರಿಸಿದ ಪಾಠದ ಪಕ್ಕದಲ್ಲಿ ತಿರಸ್ಕರಿಸಿದವರ ಹೆಸರು, ಕಾರಣ ಎರಡೂ ಇರಲಿ. ಯಾವ ಸಾಲನ್ನು ಯಾರು ಯಾವಾಗ ಅಳಿಸಿದರು ಎಂಬುದು ಕಾಣಲಿ. ಪರಿಶೀಲಿಸುವ ಮಂಡಳಿಯಲ್ಲಿ ಕೇರಿಯವರೂ ಹೆಂಗಸರೂ ಕೂಡ್ರಲಿ. ಪ್ರತಿ ಬರಹಕ್ಕೂ ಹಕ್ಕಿನ ವಿವರ ಬೇರೆ ಬೇರೆ ಬರೆಯಿರಿ. ಅಂಬೇಡ್ಕರರು ಬದುಕಿದ್ದಾಗ ಪ್ರಕಟಿಸಿದ ಪುಸ್ತಕಗಳ ಕಾಪಿರೈಟ್ 60 ವರ್ಷ ತುಂಬಿ, 2016ರ ಕೊನೆಗೆ ಮುಗಿಯಿತು. ಅವುಗಳ ಕನ್ನಡ ಅನುವಾದದ ಹಕ್ಕು ಮಾತ್ರ ಅನುವಾದಕರದ್ದೋ ಪ್ರಕಾಶಕರದ್ದೋ ಆಗಿರುತ್ತದೆ. ಮೂಲ ಬಿಡುಗಡೆಯಾಗಿ ಕನ್ನಡ ಸೆರೆಯಲ್ಲಿರುವುದು ಯಾವ ನ್ಯಾಯ? ಅನುವಾದಕ ಗೆಳೆಯರೇ, ಬಿಟ್ಟುಕೊಡಿ.

ಜಿಲ್ಲೆಯ ಶಿಕ್ಷಕರ ತರಬೇತಿ ಸಂಸ್ಥೆ ಡಯಟ್ ಇರುವುದು ಮುನಿರಾಬಾದಿನಲ್ಲೇ. ಕೆಲಸ ಇಲ್ಲಿಂದಲೇ ಸುರುವಾಗಲಿ. ಎಷ್ಟು ಲಕ್ಷ ಜನ ಓದಿದರೆಂದು ಬೆಂಗಳೂರಿನಲ್ಲಿ ಲೆಕ್ಕ ಒಪ್ಪಿಸಬೇಡಿ. ಯಲಬುರ್ಗಾದ ಕೇರಿಯ ಹುಡುಗಿ ಅದರಲ್ಲಿ ಏನು ಬರೆದಳು? ಅದನ್ನು ಹೇಳಿ.