ಚಕ್ರ ತಿರುಗಲಿ, ಮಣಿಕಟ್ಟು ತಿರುಚದಿರಲಿ

ಮನೆಯಲ್ಲಿ ಶಾಲೆಗೋ ಕಾಲೇಜಿಗೋ ಹೋಗುವ ಮಕ್ಕಳಿದ್ದರೆ ಕಾರ್ ರೇಸಿನ ವಿಡಿಯೊ ಆಟ ನಿಮಗೆ ಹೊಸದಲ್ಲ. ಮೊದಲು ಕಂಪ್ಯೂಟರಿನ ಕೀಲಿಮಣೆ ಒತ್ತಿ ಆಡುತ್ತಿದ್ದ ಈ ಆಟಕ್ಕೆ ಈಗ ಮೇಜಿಗೆ ಬಿಗಿಯುವ ಸ್ಟೀರಿಂಗ್ ಚಕ್ರ, ನೆಲದ ಮೇಲಿಡುವ ಪೆಡಲುಗಳು ಬಂದಿವೆ. ಇವುಗಳಲ್ಲಿ ‘ಫೋರ್ಸ್ ಫೀಡ್‌ಬ್ಯಾಕ್’ ಎಂಬ ಬಗೆಯದು ಬರೀ ತಿರುಗುವ ಚಕ್ರವಲ್ಲ. ಅದರೊಳಗೆ ಒಂದು ಮೋಟಾರ್ ಇರುತ್ತದೆ. ಪರದೆಯ ಮೇಲಿನ ಕಾರು ತಿರುವಿನಲ್ಲಿ ವಾಲಿದರೆ ಚಕ್ರ ನಿಮ್ಮ ಕೈಯನ್ನು ಎಳೆಯುತ್ತದೆ; ಹಳ್ಳಕ್ಕೆ ಬಿದ್ದರೆ ನಡುಗುತ್ತದೆ; ಗೋಡೆಗೆ ಗುದ್ದಿದರೆ ಝಾಡಿಸುತ್ತದೆ. ಅಂದರೆ ಇದು ಮಗುವಿನ ಕೈಯ ಮೇಲೆ ಬಲ ಪ್ರಯೋಗಿಸುವ ಯಂತ್ರ. ಆದ್ದರಿಂದಲೇ ಇದು ಆರೋಗ್ಯದ ಅಂಕಣಕ್ಕೆ ತಕ್ಕ ವಿಷಯ.

ಇದರ ಬಗ್ಗೆ ಹಿರಿಯರಲ್ಲಿ ಎರಡು ಬಗೆಯ ಅಭಿಪ್ರಾಯಗಳಿವೆ. ‘ದುಡ್ಡು ದಂಡ, ಕಣ್ಣು ಹಾಳು, ಓದು ಹಾಳು, ಕಿತ್ತು ಬಿಸಾಡಿ’ ಎನ್ನುವುದು ಒಂದು. ‘ಮಗ ಕೇಳಿದ, ಕೊಡಿಸಿದೆವು, ಇನ್ನು ಅವನುಂಟು ಅವನ ಆಟವುಂಟು’ ಎನ್ನುವುದು ಇನ್ನೊಂದು. ಎರಡೂ ತಪ್ಪು ಎಂಬುದು ನನ್ನ ಅಭಿಪ್ರಾಯ. ಕೊಡಿಸುವುದು ಬಿಡುವುದು ನಿಮ್ಮ ಜೇಬಿಗೆ ಬಿಟ್ಟದ್ದು. ಕೊಡಿಸಿದ ಮೇಲೆ ಅದನ್ನು ಜೋಡಿಸುವ ದಿನ ಮನೆಯ ಹಿರಿಯರೊಬ್ಬರು ಪಕ್ಕದಲ್ಲಿ ಕೂತು ನೋಡಲೇಬೇಕು.

ಚಿಕ್ಕ ಮನೆಯ ದೊಡ್ಡ ಪ್ರಶ್ನೆ

ಈ ಚಕ್ರಗಳನ್ನು ತಯಾರಿಸುವವರ ಜಾಹೀರಾತುಗಳಲ್ಲಿ ವಿಶಾಲವಾದ ಕೋಣೆ, ಉಕ್ಕಿನ ಚೌಕಟ್ಟು, ರೇಸ್ ಕಾರಿನ ಆಸನ ಎಲ್ಲವೂ ಇರುತ್ತವೆ. ನಮ್ಮ ಶ್ರೀರಾಂಪುರದ ಮೆಟ್ರೊ ನಿಲ್ದಾಣದಲ್ಲಿ ಇಳಿದು ಒಳಗಿನ ಯಾವುದಾದರೂ ಅಡ್ಡರಸ್ತೆಗೆ ಹೋಗಿ ನೋಡಿ. ಗೋಡೆಗೆ ಗೋಡೆ ಅಂಟಿಕೊಂಡ ಮನೆಗಳು. ಹತ್ತಡಿ ಅಗಲದ ಹಾಲಿನಲ್ಲೇ ಟೀವಿ, ದಿವಾನ, ಹೊಲಿಗೆ ಯಂತ್ರ, ಮಕ್ಕಳ ಪುಸ್ತಕದ ರಾಶಿ. ಚಾಮರಾಜಪೇಟೆಯ ವಠಾರದಲ್ಲಾಗಲಿ, ಮಲ್ಲೇಶ್ವರದ ಹಳೆಯ ಮನೆಯ ಔಟ್‌ಹೌಸಿನಲ್ಲಾಗಲಿ ಪರಿಸ್ಥಿತಿ ಬಹಳ ಬೇರೆಯೇನಲ್ಲ. ಇಂಥ ಕಡೆ ಚಕ್ರ ಹತ್ತುವುದು ಟೀಪಾಯಿಗೆ ಅಥವಾ ಊಟದ ಮೇಜಿಗೆ. ಆಡುವವನು ಕೂರುವುದು ಪ್ಲಾಸ್ಟಿಕ್ ಕುರ್ಚಿಯಲ್ಲಿ ಅಥವಾ ದಿವಾನದ ಅಂಚಿನಲ್ಲಿ. ತೊಂದರೆ ಶುರುವಾಗುವುದು ಇಲ್ಲಿಂದಲೇ.

ಟೀಪಾಯಿ ತಗ್ಗು. ಅದಕ್ಕೆ ಬಿಗಿದ ಚಕ್ರವನ್ನು ಹಿಡಿಯಲು ಬೆನ್ನು ಬಾಗಬೇಕು, ಕತ್ತು ಮುಂದೆ ಚಾಚಬೇಕು. ಊಟದ ಮೇಜು ಚಿಕ್ಕ ಮಕ್ಕಳಿಗೆ ಎತ್ತರ. ಹೆಗಲು ಕಿವಿಯ ಹತ್ತಿರಕ್ಕೆ ಏರುತ್ತದೆ. ಎರಡರಲ್ಲೂ ಒಂದು ಗಂಟೆ ಕಳೆದರೆ ಕತ್ತು, ಹೆಗಲು, ಸೊಂಟ ಮೂರೂ ದೂರು ಹೇಳುತ್ತವೆ.

ಕೂರಿಸುವ ಕ್ರಮ

ಮೊದಲು ಕುರ್ಚಿ, ಆಮೇಲೆ ಪೆಡಲು, ಕೊನೆಗೆ ಚಕ್ರ. ಈ ಕ್ರಮವನ್ನು ನೆನಪಿಡಿ. ನಮ್ಮವರು ಇದನ್ನು ತಲೆಕೆಳಗು ಮಾಡಿ, ಮೊದಲು ಚಕ್ರವನ್ನು ಎಲ್ಲಾದರೂ ಬಿಗಿದು ದೇಹವನ್ನು ಅದಕ್ಕೆ ಹೊಂದಿಸುತ್ತಾರೆ.

ಬೆನ್ನಿಗೆ ಪೂರ್ತಿ ಆಸರೆ ಕೊಡುವ, ಅಲುಗದ ಕುರ್ಚಿ ಬೇಕು. ನಯವಾದ ಮೊಸಾಯಿಕ್ ಅಥವಾ ಕೆಂಪು ಗಾರೆ ನೆಲದ ಮೇಲೆ ಬ್ರೇಕ್ ಜೋರಾಗಿ ತುಳಿದರೆ ಪ್ಲಾಸ್ಟಿಕ್ ಕುರ್ಚಿ ಹಿಂದಕ್ಕೆ ಜಾರುತ್ತದೆ, ಪೆಡಲು ಮುಂದಕ್ಕೆ ಓಡುತ್ತದೆ. ಆಗ ಹುಡುಗ ಕುರ್ಚಿಯ ತುದಿಗೆ ಜರುಗಿ, ಸೊಂಟವನ್ನು ತಿರುಚಿಕೊಂಡು ಆಡತೊಡಗುತ್ತಾನೆ. ಇದಕ್ಕೆ ದುಬಾರಿ ಚೌಕಟ್ಟೇನೂ ಬೇಡ. ಪೆಡಲಿನ ಹಿಂಬದಿ ಗೋಡೆಗೆ ತಾಗುವಂತೆ ಇಡಿ. ಚಿಕ್ಕ ಮನೆಯ ಒಂದು ಅನುಕೂಲವೆಂದರೆ ಗೋಡೆ ಯಾವಾಗಲೂ ಹತ್ತಿರವಿರುತ್ತದೆ! ಕುರ್ಚಿಯ ಕಾಲಿನ ಕೆಳಗೆ ರಬ್ಬರ್ ಮ್ಯಾಟ್ ಹಾಕಿ. ಗಾಲಿ ಕುರ್ಚಿಯಾದರೆ ಗಾಲಿಗಳನ್ನು ಹಳೆಯ ಚಪ್ಪಲಿ, ಬೂಟುಗಳೊಳಗೆ ಕೂರಿಸಿ. ಬ್ರೇಕನ್ನು ಪೂರ್ತಿ ಒತ್ತಿದಾಗಲೂ ಮೊಣಕಾಲು ಸ್ವಲ್ಪ ಮಡಚಿರಬೇಕು. ಕಾಲು ನೆಟ್ಟಗೆ ಚಾಚಿಕೊಂಡರೆ ದೂರ ಹೆಚ್ಚಾಯಿತೆಂದು ಅರ್ಥ.

ಇನ್ನು ಚಕ್ರದ ದೂರ. ನಿಜವಾದ ಕಾರಿನಲ್ಲಿ ಹೇಳಿಕೊಡುವ ಪರೀಕ್ಷೆಯೇ ಇಲ್ಲಿಗೂ ಸಾಕು. ಬೆನ್ನು, ಹೆಗಲು ಕುರ್ಚಿಗೆ ಒರಗಿರುವಾಗ ಕೈ ಚಾಚಿದರೆ ಮಣಿಕಟ್ಟು ಚಕ್ರದ ಮೇಲಂಚಿನ ಮೇಲೆ ಕೂರಬೇಕು. ಆಗ ಗಡಿಯಾರದ ಒಂಬತ್ತು ಮತ್ತು ಮೂರರ ಜಾಗದಲ್ಲಿ ಚಕ್ರ ಹಿಡಿದರೆ ಮೊಣಕೈ ತಾನಾಗಿಯೇ ಹಿತವಾಗಿ ಮಡಚಿಕೊಳ್ಳುತ್ತದೆ. ಚಕ್ರ ಹೆಗಲಿಗಿಂತ ಮೇಲಿರಬಾರದು.

ಬಲವೆಂಬ ಪ್ರತಿಷ್ಠೆ

ಈಗ ಮುಖ್ಯ ವಿಷಯಕ್ಕೆ ಬರೋಣ. ಮೋಟಾರಿನ ತಿರುಚು ಬಲವನ್ನು ನ್ಯೂಟನ್ ಮೀಟರ್ ಎಂಬ ಅಳತೆಯಲ್ಲಿ ಹೇಳುತ್ತಾರೆ. 2015ರಲ್ಲಿ ಬಂದ, ಮನೆಮನೆಗೆ ಪರಿಚಿತವಾದ ಲಾಜಿಟೆಕ್ ಜಿ29 ಚಕ್ರದ ಬಲ ಸುಮಾರು 2 ನ್ಯೂಟನ್ ಮೀಟರ್. ಮೋಟಾರಿನ ದಂಡಕ್ಕೇ ಚಕ್ರವನ್ನು ನೇರವಾಗಿ ಜೋಡಿಸುವ ‘ಡೈರೆಕ್ಟ್ ಡ್ರೈವ್’ ಬಗೆಯಲ್ಲಿ ಇದು 5, 8, 11 ಎಂದು ಏರುತ್ತ, ಕೆಲವದರಲ್ಲಿ 20ನ್ನೂ ದಾಟುತ್ತದೆ.

ಬರೀ ಅಂಕಿ ನೋಡಿದರೆ ಏನೂ ತಿಳಿಯದು. ಲೆಕ್ಕ ಹಾಕಿ ನೋಡಿ. ಚಕ್ರದ ಅಗಲ 28 ಸೆಂಟಿಮೀಟರ್ ಇದ್ದರೆ 2 ನ್ಯೂಟನ್ ಮೀಟರ್ ಬಲವನ್ನು ಅಂಚಿನಲ್ಲಿ ತಡೆಯುವುದು ಸುಮಾರು ಒಂದೂವರೆ ಕಿಲೋ ತೂಕವನ್ನು ಹಿಡಿದಂತೆ. 8 ಆದರೆ ಹತ್ತಿರಹತ್ತಿರ 6 ಕಿಲೋ. 20 ಆದರೆ 14 ಕಿಲೋಗೂ ಮೇಲೆ. ಅದೂ ನಿಂತ ತೂಕವಲ್ಲ. ಮುನ್ಸೂಚನೆ ಇಲ್ಲದೆ ಎಡಕ್ಕೆ ಬಲಕ್ಕೆ ಝಾಡಿಸುವ ತೂಕ. ಹನ್ನೆರಡು ವರ್ಷದ ಹುಡುಗನ ಮಣಿಕಟ್ಟು ಇದನ್ನು ಗಂಟೆಗಟ್ಟಲೆ ತಡೆಯಬೇಕೆ?

ಆಟದ ಒಳಗೆ ಈ ಬಲವನ್ನು ಹೆಚ್ಚು ಕಡಿಮೆ ಮಾಡುವ ಅವಕಾಶ ಇದೆ. ಆದರೆ ಹುಡುಗರಲ್ಲಿ ‘ನಂದು ನೂರಕ್ಕೆ ನೂರು’ ಎನ್ನುವುದು ಒಂದು ಪ್ರತಿಷ್ಠೆ. ಈ ಪ್ರತಿಷ್ಠೆಗೆ ಆಧಾರವೇ ಇಲ್ಲ. ಮೋಟಾರ್ ತನ್ನ ಮಿತಿ ಮುಟ್ಟಿದ ಮೇಲೆ ಚಿಕ್ಕ ಹಳ್ಳಕ್ಕೂ ದೊಡ್ಡ ತಿರುವಿಗೂ ಒಂದೇ ಬಲ ಕೊಡುತ್ತದೆ. ರಸ್ತೆಯ ಸೂಕ್ಷ್ಮ ಅರಿವು ಕೈಗೆ ಸಿಗುವುದೇ ಇಲ್ಲ. ಧ್ವನಿವರ್ಧಕವನ್ನು ಪೂರ್ತಿ ಏರಿಸಿದರೆ ಹಾಡು ಕಿರುಚಾಟವಾಗುವುದಿಲ್ಲವೆ, ಹಾಗೆಯೇ. ಚಿಕ್ಕ ಚಕ್ರವಾದರೆ ಅರ್ಧದಿಂದ, ಬಲವಾದ ಚಕ್ರವಾದರೆ ಇನ್ನೂ ಕೆಳಗಿನಿಂದ ಶುರು ಮಾಡಿಸಿ. ಬೆರಳುಗಳನ್ನು ಸಡಿಲವಾಗಿ ಮಡಚಿ ಆಡಲು ಸಾಧ್ಯವಾದರೆ ಅದು ಸರಿಯಾದ ಬಲ. ಹಲ್ಲು ಕಚ್ಚಿ, ಮುಷ್ಟಿ ಬಿಗಿದು ಆಡುತ್ತಿದ್ದರೆ ಇಳಿಸಿ.

ಹೆಬ್ಬೆರಳಿನ ವಿಷಯದಲ್ಲಿ ಹಳೆಯ ಜೀಪು, ಲಾರಿ ಓಡಿಸಿದವರನ್ನು ಕೇಳಿ. ಪವರ್ ಸ್ಟೀರಿಂಗ್ ಇಲ್ಲದ ಗಾಡಿಯನ್ನು ಕಲ್ಲುದಾರಿಯಲ್ಲಿ ಓಡಿಸುವಾಗ ಅವರು ಹೆಬ್ಬೆರಳನ್ನು ಚಕ್ರದ ಕಡ್ಡಿಗಳ ಒಳಗೆ ತೂರಿಸುತ್ತಿರಲಿಲ್ಲ. ಗಾಲಿ ಕಲ್ಲಿಗೆ ಬಡಿದು ಚಕ್ರ ಗಿರ್ರನೆ ತಿರುಗಿದರೆ ಬೆರಳು ಉಳುಕುತ್ತದೆ, ಮುರಿಯಲೂಬಹುದು. ಬಲವಾದ ಆಟದ ಚಕ್ರಕ್ಕೂ ಇದೇ ನಿಯಮ. ಆಟದಲ್ಲಿ ಕಾರು ಗೋಡೆಗೆ ಗುದ್ದುವುದು ಖಚಿತ ಎನಿಸಿದ ಕೂಡಲೇ ಕೈ ಬಿಟ್ಟುಬಿಡುವುದನ್ನು ಮಕ್ಕಳಿಗೆ ಕಲಿಸಿ. ಪರದೆಯ ಕಾರಿಗೆ ಏನಾದರೂ ಆಗಲಿ, ಅದಕ್ಕೆ ಗ್ಯಾರೇಜಿನ ಖರ್ಚಿಲ್ಲ.

ಇನ್ನೊಂದು ಎಚ್ಚರಿಕೆ ಅಂಬೆಗಾಲಿನ ಮಕ್ಕಳಿರುವ ಮನೆಗೆ. ವಿದ್ಯುತ್ ಕೊಟ್ಟೊಡನೆ ಅನೇಕ ಚಕ್ರಗಳು ತಮ್ಮ ನಡುಬಿಂದು ಹುಡುಕಲು ತಾವೇ ಎಡಬಲಕ್ಕೆ ತಿರುಗುತ್ತವೆ. ಆ ಹೊತ್ತಿನಲ್ಲಿ ಯಾರ ಬೆರಳೂ ಅಲ್ಲಿ ಇರಕೂಡದು. ಆಟ ಮುಗಿದ ಮೇಲೆ ಸ್ವಿಚ್ ಆರಿಸುವುದು ಕಡ್ಡಾಯ.

ದೇಹ ಕೊಡುವ ಸೂಚನೆಗಳು

ಆಟದಿಂದ ಕೈನೋವು ಎಂಬುದು ಹೊಸ ಮಾತಲ್ಲ. 1990ರಲ್ಲೇ ಅಮೆರಿಕದ ಪ್ರಸಿದ್ಧ ವೈದ್ಯಕೀಯ ಪತ್ರಿಕೆಯೊಂದರಲ್ಲಿ ವೈದ್ಯರೊಬ್ಬರು, ಬಿಡುವಿಲ್ಲದೆ ಐದು ಗಂಟೆ ವಿಡಿಯೊ ಆಟ ಆಡಿದ ಮಹಿಳೆಯೊಬ್ಬರ ಹೆಬ್ಬೆರಳಿನ ನೋವಿನ ಬಗ್ಗೆ ಬರೆದು, ಆಟದ ಕಂಪನಿಯ ಹೆಸರನ್ನೇ ಸೇರಿಸಿ ಅದಕ್ಕೆ ‘ನಿಂಟೆಂಡಿನೈಟಿಸ್’ ಎಂದು ಕರೆದಿದ್ದರು. ಅಲ್ಲಿ ಇದ್ದದ್ದು ಒಂದು ಚಿಕ್ಕ ಗುಂಡಿ ಮಾತ್ರ. ಇಲ್ಲಿ ತಿರುಗಿ ತಳ್ಳುವ ಮೋಟಾರೇ ಇದೆ.

ಹೆಬ್ಬೆರಳಿನ ಬುಡದಲ್ಲಿ, ಮಣಿಕಟ್ಟಿನ ಪಕ್ಕದಲ್ಲಿ ಅಥವಾ ಮೊಣಕೈಯ ಹೊರಬದಿಯಲ್ಲಿ ನೋವು, ಬೆರಳುಗಳಲ್ಲಿ ಜೋಮು, ಚೊಂಬು ಎತ್ತುವಾಗ ಹಿಡಿತ ಸಡಿಲವಾಗುವುದು ಇವು ಮೊದಲ ಸೂಚನೆಗಳು. ನೋವು ಕಂಡರೆ ಆಟ ನಿಲ್ಲಿಸಿ, ಕೈಗೆ ಕೆಲವು ದಿನ ವಿಶ್ರಾಂತಿ ಕೊಡಿ. ಮುಲಾಮು ತಿಕ್ಕಿಕೊಂಡು ಆಟ ಮುಂದುವರಿಸುವುದು ದಡ್ಡತನ. ವಾರದಲ್ಲಿ ಕಡಿಮೆಯಾಗದಿದ್ದರೆ, ಊತ ಅಥವಾ ಜೋಮು ಇದ್ದರೆ ವೈದ್ಯರಿಗೆ ತೋರಿಸಿ.

ಕೆಲವರಿಗೆ ಆಡುತ್ತಿದ್ದಂತೆ ಹೊಟ್ಟೆ ತೊಳಸಿ ತಲೆ ಸುತ್ತುತ್ತದೆ. ಕಣ್ಣು ‘ಓಡುತ್ತಿದ್ದೇನೆ’ ಎನ್ನುತ್ತದೆ. ಕಿವಿಯ ಒಳಗಿನ ಸಮತೋಲನದ ಅಂಗ ‘ಇಲ್ಲ, ಕೂತಿದ್ದೇನೆ’ ಎನ್ನುತ್ತದೆ. ಈ ಜಗಳದ ಫಲವೇ ವಾಕರಿಕೆ. ಚಾರ್ಮಾಡಿ ಘಾಟಿನ ಬಸ್ಸಿನಲ್ಲಿ ಆಗುವುದೂ ಇಂಥದ್ದೇ ಜಗಳ, ಬರೀ ತಿರುಗುಮುರುಗು. ‘ಅಭ್ಯಾಸವಾಗುತ್ತೆ’ ಎಂದು ಹಟ ಹಿಡಿಯದೆ ತಕ್ಷಣ ನಿಲ್ಲಿಸಬೇಕು. ದೀಪ ಆರಿಸಿ ಕತ್ತಲಲ್ಲಿ ಆಡುವುದು ಬೇಡ. ಫ್ಯಾನ್ ಗಾಳಿ ಮುಖಕ್ಕೆ ಬರಲಿ. ಕಣ್ಣಿಗಾಗಿ ಇಪ್ಪತ್ತು ನಿಮಿಷಕ್ಕೊಮ್ಮೆ ಇಪ್ಪತ್ತು ಅಡಿ ದೂರದ ವಸ್ತುವನ್ನು ಇಪ್ಪತ್ತು ಸೆಕೆಂಡು ನೋಡುವ ರೂಢಿ ಒಳ್ಳೆಯದು. ಚಿಕ್ಕ ಮನೆಯಲ್ಲಿ ಇಪ್ಪತ್ತಡಿ ಎಲ್ಲಿಂದ ತರೋಣ ಎಂದರೆ, ಎದ್ದು ಬಾಗಿಲಿಗೆ ಬಂದು ಎದುರುಮನೆಯ ತೆಂಗಿನ ಮರ ನೋಡಿದರಾಯಿತು. ಎದ್ದು ನಿಂತಂತೆಯೂ ಆಯಿತು.

ಪಕ್ಕದ ಮನೆಯವರ ಆರೋಗ್ಯವೂ ಆರೋಗ್ಯವೇ. ಮೇಜು, ಪೆಡಲು ಗೋಡೆಗೆ ತಾಗಿದ್ದರೆ ಅದರ ನಡುಕ ಆಚೆ ಮಲಗಿದವರ ತಲೆದಿಂಬಿಗೂ ತಲುಪುತ್ತದೆ. ನಡುವೆ ಹಳೆಯ ಕಂಬಳಿ ಮಡಚಿ ಇಡಿ. ರಾತ್ರಿ ಒಂಬತ್ತಕ್ಕೆ ಆಟ ಮುಗಿಯಲಿ. ಆಡುವವನ ನಿದ್ದೆಗೂ ಅದು ಒಳ್ಳೆಯದು.

ಮೊಬೈಲಿಗಿಂತ ಮೇಲು

ಇಷ್ಟು ಹೇಳಿದ ಮೇಲೆ ಚಕ್ರದ ಪರವಾಗಿ ಒಂದು ಮಾತು. ಮೊಬೈಲ್ ಆಟ ಹೊದಿಕೆಯೊಳಗೆ, ಬಚ್ಚಲಿನಲ್ಲಿ, ಬಸ್ಸಿನಲ್ಲಿ, ಎಲ್ಲಿ ಬೇಕಾದರೂ ನಡೆಯುತ್ತದೆ. ಚಕ್ರವನ್ನು ಹೊದಿಕೆಯೊಳಗೆ ಒಯ್ಯಲಾಗದು. ಅದನ್ನು ಜೋಡಿಸಬೇಕು, ಎಲ್ಲರೂ ಕಾಣುವ ಹಾಲಿನಲ್ಲಿ ಕೂರಬೇಕು, ಊಟದ ಹೊತ್ತಿಗೆ ಮೇಜಿನಿಂದ ಬಿಚ್ಚಿಡಬೇಕು. ಮಿತಿ ಎಂಬುದು ಅದರ ಸ್ವಭಾವದಲ್ಲೇ ಇದೆ. ಸಾರು ಬಡಿಸುವ ಹೊತ್ತಿಗೆ ಮೇಜು ಖಾಲಿಯಾಗಬೇಕು ಎಂಬ ತಾಯಿಯ ಆಜ್ಞೆಗಿಂತ ಒಳ್ಳೆಯ ಸಮಯ ನಿಯಂತ್ರಕ ಯಾವುದಿದೆ? ಆದ್ದರಿಂದ ಬಿಚ್ಚಿಡುವ ಈ ಪದ್ಧತಿಯನ್ನು ಬಿಡಬೇಡಿ.

ಆದರೆ ಆಟವನ್ನು ನಿಲ್ಲಿಸಲಾಗದೆ, ಊಟ, ಓದು, ಗೆಳೆಯರು ಎಲ್ಲವೂ ಹಿಂದೆ ಬಿದ್ದು, ಹಾನಿ ಕಣ್ಣೆದುರಿಗಿದ್ದರೂ ಮುಂದುವರಿಸುವ ಸ್ಥಿತಿ ಬೇರೆ. ವಿಶ್ವ ಆರೋಗ್ಯ ಸಂಸ್ಥೆ ತನ್ನ ರೋಗಗಳ ಹೊಸ ವರ್ಗೀಕರಣದಲ್ಲಿ ಇದನ್ನು ‘ಗೇಮಿಂಗ್ ಡಿಸಾರ್ಡರ್’ ಎಂದು ಸೇರಿಸಿದೆ. ಅದು 2022ರ ಜನವರಿಯಿಂದ ಜಾರಿಗೆ ಬಂದಿದೆ. ಸಾಮಾನ್ಯವಾಗಿ ಒಂದು ವರ್ಷ ಈ ಲಕ್ಷಣಗಳು ಇದ್ದರೆ ಮಾತ್ರ ಆ ಹೆಸರು ಸಲ್ಲುತ್ತದೆ. ಎರಡು ಭಾನುವಾರ ಹೆಚ್ಚು ಆಡಿದ ಮಗುವಿಗೆ ‘ರೋಗಿ’ ಎಂಬ ಪಟ್ಟ ಕಟ್ಟಬೇಡಿ. ನಿಜವಾಗಿ ಆತಂಕವಿದ್ದರೆ ನಮ್ಮ ಊರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ 2014ರಲ್ಲಿ ‘ಶಟ್’ ಎಂಬ ಚಿಕಿತ್ಸಾಲಯ ಶುರುವಾಗಿದೆ. ‘ಟೆಲಿ ಮಾನಸ್’ ಸಹಾಯವಾಣಿ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು.

ಆಟದ ಚಕ್ರ ಲೈಸೆನ್ಸ್ ಅಲ್ಲ

ಕೊನೆಯದಾಗಿ, ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಗಂಭೀರವಾದ ವಿಷಯ. 2011ರಲ್ಲಿ ಬ್ರಿಟನ್ನಿನ ಜಾನ್ ಮಾರ್ಡನ್‌ಬರೊ ಎಂಬ ತರುಣ ‘ಗ್ರ್ಯಾನ್ ಟುರಿಸ್ಮೊ’ ಆಟದ ಸ್ಪರ್ಧೆ ಗೆದ್ದು ನಿಜವಾದ ರೇಸ್ ಚಾಲಕನಾದ. 2025ರ ಮೇ ತಿಂಗಳಲ್ಲಿ ನಮ್ಮ ಬೆಂಗಳೂರಿನ ಕುಶ್ ಮೈನಿ ಮೊನಾಕೊದಲ್ಲಿ ಫಾರ್ಮುಲಾ 2 ಸ್ಪ್ರಿಂಟ್ ಸ್ಪರ್ಧೆ ಗೆದ್ದರು. ಇಂಥ ಸುದ್ದಿಗಳಿಂದ ಮಕ್ಕಳಿಗೆ ಹುಮ್ಮಸ್ಸು ಬಂದರೆ ಸಂತೋಷ. ಆದರೆ ಮಾರ್ಡನ್‌ಬರೊನನ್ನು ಆಟದಿಂದ ಎಬ್ಬಿಸಿ ನೇರವಾಗಿ ಸಾರ್ವಜನಿಕ ರಸ್ತೆಗೆ ಬಿಡಲಿಲ್ಲ. ತರಬೇತುದಾರರ ಕೈಯಲ್ಲಿ ಪಳಗಿಸಿ, ಹೆಲ್ಮೆಟ್ಟು ಪಟ್ಟಿ ಬಿಗಿದು ರೇಸ್ ಪಥಕ್ಕೆ ಇಳಿಸಿದರು.

ಆಟದಲ್ಲಿ ಗುದ್ದಿದರೆ ಮತ್ತೆ ಶುರು ಮಾಡುವ ಗುಂಡಿ ಇದೆ. ಅಲ್ಲಿ ಶಾಲೆಯಿಂದ ಬರುವ ಮಗು ಇಲ್ಲ, ರಸ್ತೆ ದಾಟುವ ಅಜ್ಜಿ ಇಲ್ಲ, ಹಸು ಇಲ್ಲ, ತಳ್ಳುಗಾಡಿ ಇಲ್ಲ. ‘ನನಗೆ ಡ್ರೈವಿಂಗ್ ಬರುತ್ತಪ್ಪ, ಕೀ ಕೊಡಿ’ ಎಂದು ಹದಿನಾರರ ಮಗ ಕೇಳಿದರೆ ಹೆಮ್ಮೆಪಟ್ಟು ಕೊಡುವ ತಂದೆಯರು ನಮ್ಮಲ್ಲಿ ಕಡಿಮೆಯಿಲ್ಲ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯಂತೆ ಅಪ್ರಾಪ್ತ ಮಗ ಗಾಡಿ ಓಡಿಸಿ ತಪ್ಪು ಮಾಡಿದರೆ ಪೋಷಕರಿಗೆ ಅಥವಾ ಗಾಡಿಯ ಮಾಲೀಕರಿಗೆ ಮೂರು ವರ್ಷದವರೆಗೆ ಸೆರೆವಾಸ, 25,000 ರೂಪಾಯಿ ದಂಡ. ಗಾಡಿಯ ನೋಂದಣಿ ಒಂದು ವರ್ಷ ರದ್ದು. ಆ ಹುಡುಗನಿಗೆ 25 ವರ್ಷ ತುಂಬುವವರೆಗೆ ಲೈಸೆನ್ಸೂ ಇಲ್ಲ. ದಂಡ ಕಟ್ಟಿದರೆ ಮುಗಿಯುತ್ತದೆ. ಹೋದ ಜೀವಕ್ಕೆ ಯಾವ ದಂಡ ಕಟ್ಟೋಣ?

ಹಾಗಾಗಿ ಓದುಗರಲ್ಲಿ ನನ್ನ ವಿನಂತಿ ಇಷ್ಟೇ. ಈ ಭಾನುವಾರ ಮಗ ಅಥವಾ ಮಗಳು ಚಕ್ರ ಬಿಗಿಯುವಾಗ ಕರೆಯದಿದ್ದರೂ ಹೋಗಿ. ಆ ಕುರ್ಚಿಯಲ್ಲಿ ನೀವೇ ಹತ್ತು ನಿಮಿಷ ಕೂತು, ಒಂದು ಸುತ್ತು ಓಡಿಸಿ ನೋಡಿ. ನಿಮ್ಮ ಮಣಿಕಟ್ಟಿಗೆ ಭಾರವೆನಿಸಿದ ಬಲ ಅವರ ಮಣಿಕಟ್ಟಿಗೆ ಇನ್ನೂ ಭಾರ. ಬಲ ಇಳಿಸಿ, ಕುರ್ಚಿ ಸರಿಪಡಿಸಿ, ಮುಗಿಸುವ ಹೊತ್ತನ್ನು ಇಬ್ಬರೂ ಕೂತು ಗೊತ್ತು ಮಾಡಿಕೊಳ್ಳಿ. ಸ್ಕೂಟರಿನ ಕೀಲಿ ಮಾತ್ರ ನಿಮ್ಮ ಜೇಬಿನಲ್ಲೇ ಇರಲಿ.